ಮೊದಲು ಗೂಡ್ಸು, ಆಮೇಲೆ ನಾವು

ರೈಲು ಟಿಕೇಟಿನ ಮೇಲೆ ಒಂದು ಉಪದೇಶದ ಮಾತು ಅಚ್ಚಾಗಿ ಬಂದದ್ದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 2016ರ ಸುಮಾರಿಗೆ ಶುರುವಾದದ್ದು ಅದು. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇಕಡಾ 57ರಷ್ಟು ಮಾತ್ರ ಟಿಕೇಟಿನಿಂದ ವಸೂಲಾಗುತ್ತದೆ ಎಂದು ಮೊದಲು ಬಂತು. ಆಮೇಲೆ, ನಿಮ್ಮ ಪ್ರಯಾಣದ ಶೇಕಡಾ 43ರಷ್ಟನ್ನು ದೇಶದ ಸಾಮಾನ್ಯ ಜನ ಹೊರುತ್ತಿದ್ದಾರೆ, ಗೊತ್ತೇ ಎಂದು ಕೇಳುವ ಇನ್ನೊಂದು ಸಾಲು ಬಂತು. ದುಡ್ಡು ಕೊಟ್ಟು ಕೊಂಡ ಚೀಟಿಯ ಮೇಲೆ ಹೀಗೆ ಹಂಗಿಸುವ ಅಂಗಡಿ ಇನ್ನೊಂದಿದೆಯೇ? ತರಕಾರಿ ಮಾರುವವಳು ಕೂಡ ತೂಗಿ ಕೊಟ್ಟ ಮೇಲೆ "ನಿಮ್ಮಿಂದ ನನಗೆ ನಷ್ಟ" ಎಂದು ಬರೆದು ಕೊಡುವುದಿಲ್ಲ.

ನನಗೆ ಆ ಸಾಲನ್ನು ಓದಿದಾಗ ಬಂದ ಪ್ರಶ್ನೆ ಬೇರೆ. ಆ ಸಾಮಾನ್ಯ ಜನ ಯಾರು? ಮಂತ್ಲಿ ಪಾಸಿನಲ್ಲಿ ಓಡಾಡುವ ನರ್ಸು, ಬುಟ್ಟಿ ಹೊತ್ತು ಬರುವ ಹೂವಿನವಳು, ಪಕ್ಕದ ಊರಿನ ಶಾಲೆಗೆ ಹೋಗುವ ನನ್ನಂಥ ಟೀಚರು, ಇವರೆಲ್ಲ ಸಾಮಾನ್ಯ ಜನರಲ್ಲದೆ ಅಸಾಮಾನ್ಯರೇ? ಹೊರುವವರೂ ನಾವೇ, ಹೊರಿಸಿದವರು ಎನ್ನಿಸಿಕೊಳ್ಳುವವರೂ ನಾವೇ.

ಈ ಲೆಕ್ಕದ ಹಿಂದೆ ಇರುವ ಕಥೆ ಸರಳವಾದದ್ದು. ನಮ್ಮ ದೇಶದಲ್ಲಿ ರೈಲಿನ ಸಂಪಾದನೆಯ ಬಹುಪಾಲು ಬರುವುದು ಸರಕು ಸಾಗಣೆಯಿಂದ. 2022-23ರ ಒಂದು ವರ್ಷದಲ್ಲಿ 150 ಕೋಟಿ ಟನ್ನಿಗೂ ಮೀರಿದ ಸರಕು ಹಳಿಯ ಮೇಲೆ ಓಡಿತು. ಕಲ್ಲಿದ್ದಲು, ಅದಿರು, ಸಿಮೆಂಟು, ಗೊಬ್ಬರ, ಅಕ್ಕಿ, ಗೋಧಿ, ಎಣ್ಣೆ. ಹಾಗೆ ಬಂದ ದುಡ್ಡಿನಲ್ಲಿ ಪ್ರಯಾಣಿಕರ ಗಾಡಿಗಳ ನಷ್ಟ ತುಂಬಿಸುತ್ತಾರೆ. ಆದ್ದರಿಂದ ಗೂಡ್ಸ್ ಗಾಡಿ ಮನೆಗೆ ದುಡಿದು ತರುವ ಮಗ. ಪ್ಯಾಸೆಂಜರ್ ಗಾಡಿ ಕೂತು ಉಣ್ಣುವ ಹೆಣ್ಣುಮಗಳು. ಊಟದ ಮನೆಯಲ್ಲಿ ಯಾರಿಗೆ ಮೊದಲು ಎಲೆ ಹಾಕುತ್ತಾರೆ, ಯಾರು ಆಮೇಲೆ ಉಳಿದದ್ದನ್ನು ತಿನ್ನುತ್ತಾರೆ ಎಂದು ನಮ್ಮಂಥವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕದಲ್ಲಿ ಹಾಗಿಲ್ಲ ಎಂಬುದೇ ಇಲ್ಲಿ ತಮಾಷೆ. ಯಾವ ಗಾಡಿಗೆ ಯಾವುದು ದಾರಿ ಬಿಡಬೇಕು ಎಂಬುದಕ್ಕೆ ರೈಲ್ವೆಯಲ್ಲಿ ಒಂದು ಕ್ರಮವಿದೆ. ಅಪಘಾತ ಪರಿಹಾರದ ಗಾಡಿ ಎಲ್ಲಕ್ಕೂ ಮುಂದೆ. ಆಮೇಲೆ ಸೂಪರ್ ಫಾಸ್ಟ್, ಮೇಲ್ ಮತ್ತು ಎಕ್ಸ್‌ಪ್ರೆಸ್, ಅವುಗಳ ಕೆಳಗೆ ಸಾಧಾರಣ ಪ್ಯಾಸೆಂಜರ್. ಗೂಡ್ಸ್ ಗಾಡಿ ಬರುವುದು ಪಟ್ಟಿಯ ತಳದಲ್ಲಿ. ಈ ಕ್ರಮ ಅಕ್ಷರಶಃ ನಡೆಯುವುದಾದರೆ ನಾನು ಈ ಲೇಖನ ಬರೆಯುವ ಕಾರಣವೇ ಇರುತ್ತಿರಲಿಲ್ಲ. ಆದರೆ ಒಂಟಿ ಹಳಿಯ ಊರುಗಳಲ್ಲಿ ಇರುವವರನ್ನು ಕೇಳಿ ನೋಡಿ. ಚಿಕ್ಕ ಸ್ಟೇಷನ್ನಿನಲ್ಲಿ ಗಾಡಿ ನಿಂತಿತೆಂದರೆ, ಬಾಗಿಲಲ್ಲಿ ನಿಂತವರು ಒಳಗಿನವರಿಗೆ ಹೇಳುವ ಮಾತು ಒಂದೇ: "ಕ್ರಾಸಿಂಗ್." ಯಾವುದರ ಕ್ರಾಸಿಂಗ್, ಎಷ್ಟು ಹೊತ್ತು, ಯಾರಿಗೂ ಗೊತ್ತಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಐವತ್ತು ಅರವತ್ತು ಡಬ್ಬಿಗಳ ಗೂಡ್ಸು ಧಡಧಡ ಎಂದು ದಾಟಿ ಹೋಗುತ್ತದೆ. ಆನೆ ನಡೆದದ್ದೇ ದಾರಿ.

ಇದಕ್ಕೆ ಕಾರಣಗಳಿಲ್ಲವೆಂದಲ್ಲ. ಒಂಟಿ ಹಳಿಯ ಮೇಲೆ ಎದುರುಬದುರು ಬರುವ ಎರಡು ಗಾಡಿಗಳಲ್ಲಿ ಒಂದು ಸ್ಟೇಷನ್ನಿನ ಪಕ್ಕದ ಲೂಪ್ ಲೈನಿಗೆ ಸರಿದು ನಿಲ್ಲಲೇಬೇಕು. ಭಾರವಾದ ಗೂಡ್ಸನ್ನು ಒಮ್ಮೆ ನಿಲ್ಲಿಸಿದರೆ ಅದು ಮತ್ತೆ ವೇಗ ಹಿಡಿಯಲು ಹೊತ್ತು ಬೇಕು. ಘಟ್ಟದ ಏರಿನಲ್ಲಿ ಅಂತೂ ಇನ್ನೂ ಕಷ್ಟ. ಗೂಡ್ಸ್ ಗಾಡಿಗಳು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಲೂ ಇವೆ. 2022ರ ಆಗಸ್ಟ್ 15ರಂದು ಛತ್ತೀಸಗಢದಲ್ಲಿ 'ಸೂಪರ್ ವಾಸುಕಿ' ಎಂಬ ಹೆಸರಿಟ್ಟು 295 ವ್ಯಾಗನ್ನುಗಳ, ಮೂರೂವರೆ ಕಿಲೋಮೀಟರ್ ಉದ್ದದ ಕಲ್ಲಿದ್ದಲ ಗಾಡಿಯನ್ನು ಓಡಿಸಿ ಹೆಮ್ಮೆಪಟ್ಟರು. ಅಂಥ ಹಾವು ನಮ್ಮ ಕಡೆ ಬಂದಿಲ್ಲ. ಆದರೆ ಎರಡು ಗೂಡ್ಸ್ ಜೋಡಿಸಿ ಒಂದಾಗಿ ಓಡಿಸಿದರೂ ಸಾಕು, ಅದು ಯಾವ ಚಿಕ್ಕ ಸ್ಟೇಷನ್ನಿನ ಲೂಪ್ ಲೈನಿನಲ್ಲಿಯೂ ಹಿಡಿಸುವುದಿಲ್ಲ. ಹಿಡಿಸುವುದು ನಮ್ಮ ಹತ್ತು ಹನ್ನೆರಡು ಡಬ್ಬಿಯ ಪ್ಯಾಸೆಂಜರ್ ಮಾತ್ರ. ಹಾಗಾಗಿ ಸರಿದು ನಿಲ್ಲುವ ಸರದಿ ಯಾವಾಗಲೂ ಅದರದ್ದೇ. ಮನೆಯಲ್ಲಿ ತೆಳ್ಳಗಿರುವವರೇ ಮೂಲೆಗೆ ಸರಿಯಬೇಕು ಎಂದ ಹಾಗೆ.

ಇನ್ನೊಂದು ವಿಚಿತ್ರವಿದೆ. ಪ್ಯಾಸೆಂಜರ್ ಗಾಡಿಗೆ ವೇಳಾಪಟ್ಟಿ ಇದೆ. ಅದನ್ನು ನಂಬಿ ನಾವು ಬೆಳಗ್ಗೆ ನಾಲ್ಕೂವರೆಗೆ ಎದ್ದು ಒಲೆ ಹಚ್ಚುತ್ತೇವೆ. ಗೂಡ್ಸ್ ಗಾಡಿಗಳಲ್ಲಿ ಬಹಳಷ್ಟಕ್ಕೆ ವೇಳಾಪಟ್ಟಿಯೇ ಇಲ್ಲ. ಸರಕು ತುಂಬಿದಾಗ ಹೊರಡುತ್ತವೆ, ದಾರಿ ಸಿಕ್ಕಂತೆ ಓಡುತ್ತವೆ. ಅವುಗಳ ಸರಾಸರಿ ವೇಗ ಗಂಟೆಗೆ 25 ಕಿಲೋಮೀಟರಿನ ಆಸುಪಾಸು. ವೇಳೆ ಗೊತ್ತುಮಾಡಿಕೊಂಡವರು ವೇಳೆಯೇ ಇಲ್ಲದವರಿಗಾಗಿ ಕಾಯುವುದು ಎಂದರೆ ಇದು.

ಕಾಯುವುದು ಎಂದರೆ ಏನು ಎಂಬುದನ್ನೂ ಸ್ವಲ್ಪ ಹೇಳಬೇಕು. ಲೂಪ್ ಲೈನಿನಲ್ಲಿ ಎಷ್ಟೋ ಕಡೆ ಪ್ಲಾಟ್‌ಫಾರಂ ಇರುವುದಿಲ್ಲ, ಇದ್ದರೂ ನೆಲಮಟ್ಟದ್ದು. ಇಳಿಯಬೇಕಾದವರು ಸೀರೆ ಎತ್ತಿ ಹಿಡಿದು, ಮಗುವನ್ನು ಯಾರ ಕೈಗೋ ಕೊಟ್ಟು ಜಲ್ಲಿಕಲ್ಲಿನ ಮೇಲೆ ಧುಮುಕಬೇಕು. ಗಂಡಸರು ಇಳಿದು ಬೀಡಿ ಸೇದಿ ಬರುತ್ತಾರೆ. ಹೆಂಗಸರು ಎಲ್ಲಿಗೆ ಹೋಗಬೇಕು? ಬಾಗಿಲು ನೆಟ್ಟಗಿರುವ ಶೌಚಾಲಯ ಆ ಸ್ಟೇಷನ್ನಿನಲ್ಲಿ ಇದ್ದರೆ ಅದು ನಮ್ಮ ಪುಣ್ಯ. ಸಂಜೆಯ ಗಾಡಿ ಒಂದು ಗಂಟೆ ತಡವಾದರೆ ಗಂಡಸಿಗೆ ಅದು ಬೇಸರ. ಹೆಂಗಸಿಗೆ ಅದು ಕತ್ತಲು. ಸ್ಟೇಷನ್ನಿನಿಂದ ಊರಿಗೆ ಇರುವ ಎರಡು ಮೈಲಿಯ ದಾರಿಯಲ್ಲಿ ಆರು ಗಂಟೆಗೆ ನಡೆಯುವುದೇ ಬೇರೆ, ಏಳೂವರೆಗೆ ನಡೆಯುವುದೇ ಬೇರೆ. ತಡವಾಗಿ ಬಂದ ಸೊಸೆಯ ಮುಖ ನೋಡುವ ಅತ್ತೆಗೆ ಕ್ರಾಸಿಂಗ್ ಎಂಬ ಮಾತು ಅರ್ಥವಾಗುವುದಿಲ್ಲ.

ಒಂದು ಸಲ ಹೀಗೆಯೇ ಗಾಡಿ ನಿಂತಿದ್ದಾಗ ನನ್ನೆದುರು ಕೂತಿದ್ದ ಹೂವಿನವಳು ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಗೂಡ್ಸು ದಾಟಿತು. ತೆರೆದ ವ್ಯಾಗನ್ನುಗಳ ತುಂಬ ಕೆಂಪು ಅದಿರು. ಅವಳು ನನ್ನ ಕಡೆ ತಿರುಗಿ ಹೇಳಿದಳು: "ಅದ್ರಾಗಿರೋದು ಮಣ್ಣಲ್ವಾ ಟೀಚರಮ್ಮ? ಮಣ್ಣು ಬಾಡಾಕಿಲ್ಲ. ನನ್ನ ಹೂವು ಬಾಡ್ತವೆ."

ಅರ್ಥಶಾಸ್ತ್ರದ ಪಾಠ ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು? ಅದಿರು ಒಂದು ಗಂಟೆ ತಡವಾದರೆ ಅದು ಅದಿರೇ. ಹೂವು, ಮೀನು, ಹಾಲು, ಪರೀಕ್ಷೆಗೆ ಹೊರಟ ಹುಡುಗಿ, ಡಯಾಲಿಸಿಸ್‌ಗೆ ಹೊರಟ ಮುದುಕಿ, ಇವರು ಒಂದು ಗಂಟೆ ತಡವಾದರೆ ಆಗುವ ನಷ್ಟವನ್ನು ಯಾವ ಟಿಕೇಟಿನ ಹಿಂದೆಯೂ ಅಚ್ಚು ಹಾಕುವುದಿಲ್ಲ.

ಯಾರಿಗೆ ಮೊದಲ ಎಲೆ ಎಂಬುದು ಕಷ್ಟ ಬಂದಾಗ ಚೆನ್ನಾಗಿ ತಿಳಿಯುತ್ತದೆ. ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದ ದಾರಿಯನ್ನೇ ತೆಗೆದುಕೊಳ್ಳಿ. ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಬ್ರಾಡ್ ಗೇಜ್ ಮಾಡುತ್ತೇವೆಂದು 1996ರಲ್ಲಿ ಘಟ್ಟದ ಗಾಡಿ ನಿಲ್ಲಿಸಿದರು. ಹತ್ತು ವರ್ಷ ಕಳೆದು 2006ರಲ್ಲಿ ಹಳಿ ತೆರೆದಾಗ ಮೊದಲು ಓಡಿದ್ದು ಗೂಡ್ಸು. ಪ್ರಯಾಣಿಕರ ಗಾಡಿ ಬಂದದ್ದು 2007ರ ಡಿಸೆಂಬರಿನಲ್ಲಿ. 55 ಕಿಲೋಮೀಟರ್ ಘಟ್ಟ, 50ಕ್ಕೂ ಹೆಚ್ಚು ಸುರಂಗ, 50 ಅಡಿಗೆ ಒಂದಡಿಯ ಏರು. ಮನುಷ್ಯರನ್ನು ಕೂರಿಸುವ ಮುನ್ನ ಸುರಕ್ಷತೆಯ ಪರೀಕ್ಷೆ ಆಗಲೇಬೇಕು, ಅದನ್ನು ನಾನು ಒಪ್ಪುತ್ತೇನೆ. ಆದರೆ ಮಂಗಳೂರಿನಲ್ಲಿ ಮಗಳನ್ನು ಕೊಟ್ಟ ಹಾಸನದ ತಾಯಂದಿರು ಶಿರಾಡಿಯ ಗುಂಡಿಗಳಲ್ಲಿ ಬಸ್ಸಿನಲ್ಲಿ ಎತ್ತಿಹಾಕಿಸಿಕೊಳ್ಳುತ್ತಿದ್ದ ಆ ಒಂದೂವರೆ ವರ್ಷ ಹಳಿಯ ಮೇಲೆ ಅದಿರು ಓಡಾಡಿಕೊಂಡಿತ್ತು ಎಂಬುದನ್ನು ಮರೆಯಬಾರದು.

2020ರ ಮಾರ್ಚಿನಲ್ಲಿ ಕೊರೋನಾ ಬಂದು ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತವು. ಗೂಡ್ಸ್ ನಿಲ್ಲಲಿಲ್ಲ, ನಿಲ್ಲಬಾರದಿತ್ತು ಕೂಡ, ಅನ್ನ ಔಷಧಿ ಬರಬೇಕಿತ್ತಲ್ಲ. ನಾನು ಹೇಳುವುದು ಆಮೇಲಿನ ಮಾತು. ಗಾಡಿಗಳು ಒಂದೊಂದಾಗಿ ಮರಳಿದಾಗ ಪ್ಯಾಸೆಂಜರ್ ಎಂಬ ಹೆಸರೇ ಮಾಯ. ಅದೇ ಡಬ್ಬಿ, ಅದೇ ಸೀಟು, ಅದೇ ವೇಗ. ಹೆಸರು ಮಾತ್ರ ಸ್ಪೆಷಲ್ ಅಥವಾ ಎಕ್ಸ್‌ಪ್ರೆಸ್. 10 ರೂಪಾಯಿ ಇದ್ದ ಕನಿಷ್ಠ ಟಿಕೇಟು 30 ಆಯಿತು. ಹಳೆಯ ದರ ಮರಳಿ ಬಂದದ್ದು 2024ರ ಫೆಬ್ರವರಿಯಲ್ಲಿ. ಎಷ್ಟೋ ಚಿಕ್ಕ ಊರುಗಳ ನಿಲುಗಡೆ ರದ್ದಾಯಿತು. 58 ದಾಟಿದ ಹೆಂಗಸರಿಗೆ ಇದ್ದ ಅರ್ಧ ಟಿಕೇಟಿನ ರಿಯಾಯಿತಿಯನ್ನೂ ಆ ಮಾರ್ಚಿನಲ್ಲೇ ನಿಲ್ಲಿಸಿದ್ದರು. ಮೂರೂ ಮುಕ್ಕಾಲು ವರ್ಷ ಒಂದಕ್ಕೆ ಮೂರು ಕೊಟ್ಟವರು ಯಾರು ಎಂದು ಲೆಕ್ಕ ಹಾಕಿ. ವಿಮಾನದಲ್ಲಿ ಹೋಗುವವರಲ್ಲ, ವ್ಯಾಗನ್ ಬಾಡಿಗೆ ಹಿಡಿಯುವವರೂ ಅಲ್ಲ.

ಈಗ ಎದುರು ಮಾತಿಗೆ ಬರೋಣ. ಇದನ್ನೆಲ್ಲ ಕೇಳಿದ ಕೂಡಲೇ ತಿಳಿದವರು ಹೇಳುವ ಉತ್ತರಗಳು ಮೂರು.

ಮೊದಲನೆಯದು: "ಗೂಡ್ಸ್ ದುಡಿಯದಿದ್ದರೆ ನಿಮ್ಮ ಪ್ಯಾಸೆಂಜರ್ ಓಡುವುದು ಹೇಗಮ್ಮ?" ಸರಿ. ಆದರೆ ಗೂಡ್ಸ್ ದುಡಿದು ತರುವ ಬಾಡಿಗೆಯನ್ನು ಕೊನೆಗೆ ಕೊಡುವವರು ಯಾರು? ಕಲ್ಲಿದ್ದಲ ಬಾಡಿಗೆ ನಮ್ಮ ಕರೆಂಟ್ ಬಿಲ್ಲಿನಲ್ಲಿ ಕೂತಿದೆ. ಸಿಮೆಂಟಿನ ಬಾಡಿಗೆ ನಮ್ಮ ಮನೆಯ ಗೋಡೆಯಲ್ಲಿದೆ. ನಾವು ಒಂದು ಕೈಯಿಂದ ಕೊಟ್ಟದ್ದನ್ನೇ ಇನ್ನೊಂದು ಕೈಗೆ ದಾನವೆಂದು ಹಾಕುವುದು ಯಾವ ಉಪಕಾರ?

ಎರಡನೆಯದು: "ಹೆಂಗಸರಿಗೆ ಬಸ್ಸು ಪುಕ್ಕಟೆ ಇದೆಯಲ್ಲ, ಅದರಲ್ಲಿ ಹೋಗಿ." 2023ರ ಜೂನ್ 11ರಿಂದ ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಶಕ್ತಿ ಯೋಜನೆ ಬಂದದ್ದರಿಂದ ನಮ್ಮಲ್ಲಿ ಎಷ್ಟೋ ಜನರ ಕೈಯಲ್ಲಿ ತಿಂಗಳಿಗೆ ನಾಲ್ಕು ಕಾಸು ಉಳಿದಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಸ್ಸು ಹೋಗದ ಹೊತ್ತಿನಲ್ಲಿ ರೈಲು ಹೋಗುವ ಊರುಗಳಿವೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು ಮುಚ್ಚುವುದುಂಟು. ಬಸ್ಸಿನಲ್ಲಿ ಮೂರು ಗಂಟೆ ಬಾತ್‌ರೂಮಿಲ್ಲದೆ ಕೂರಲಾರದ ವಯಸ್ಸಿನವರಿದ್ದಾರೆ. ಒಂದು ಕಡೆ ಹಕ್ಕು ಸಿಕ್ಕಿತೆಂದು ಇನ್ನೊಂದು ಕಡೆಯದನ್ನು ಬಿಟ್ಟುಕೊಡಬೇಕೆಂಬ ಕರಾರು ಎಲ್ಲಿದೆ?

ಮೂರನೆಯದು: "ಜೋಡಿ ಹಳಿ ಬರಲಿ, ಎಲ್ಲ ಸರಿಹೋಗುತ್ತದೆ." ಎಲ್ಲಿ ಬರುತ್ತದೋ ಅಲ್ಲಿ ಬರಲಿ. ಪಂಜಾಬಿನ ಲೂಧಿಯಾನಾದಿಂದ ಬಿಹಾರದ ಸೋನ್‌ನಗರದವರೆಗೆ 1337 ಕಿಲೋಮೀಟರ್ ಹಳಿಯನ್ನು ಗೂಡ್ಸಿಗಾಗಿಯೇ ಹಾಕಿದ್ದಾರೆ. ದಾದ್ರಿಯಿಂದ ಮುಂಬಯಿ ಬಂದರಿಗೆ 1506 ಕಿಲೋಮೀಟರಿನ ಇನ್ನೊಂದು. ಎರಡೂ ಕರ್ನಾಟಕವನ್ನು ಹಾಯುವುದಿಲ್ಲ. ನಮ್ಮ ಘಟ್ಟಗಳಲ್ಲಿ ಎರಡನೇ ಹಳಿ ಹಾಕುವುದೆಂದರೆ ಕಾಡು ಕಡಿಯುವ ಮಾತು. ಕ್ಯಾಸಲ್‌ರಾಕ್‌ನಿಂದ ಗೋವೆಯ ಕಡೆಗೆ ಜೋಡಿ ಹಳಿ ಹಾಕಲು ಕೊಟ್ಟಿದ್ದ ವನ್ಯಜೀವಿ ಮಂಡಲಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ರದ್ದುಮಾಡಿತು. ಅದಕ್ಕೆ ಮೊದಲು, 2020ರಲ್ಲಿ, ಗೋವೆಯ ಹಳ್ಳಿಗರು ನಮ್ಮೂರ ಮೂಲಕ ಕಲ್ಲಿದ್ದಲು ಬೇಡವೆಂದು ರಾತ್ರಿಯೆಲ್ಲ ಹಳಿಯ ಬಳಿ ಕೂತಿದ್ದರು. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾಯಿತು. ಹೊನ್ನಾವರದ ಶರಾವತಿಯ ಮೇಲಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ಮೇಲೆ ಇರುವುದು ಒಂದೇ ಹಳಿ. ಅಂದರೆ ಹಂಚಿಕೊಂಡು ಬಾಳುವುದು ನಮಗೆ ಇನ್ನೂ ಎಷ್ಟೋ ವರ್ಷ ತಪ್ಪಿದ್ದಲ್ಲ. ಹಂಚಿಕೊಳ್ಳಲೇಬೇಕಾದಾಗ ಹೇಗೆ ಹಂಚಿಕೊಳ್ಳಬೇಕು ಎಂಬುದೇ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ನಾನು ನಿಮ್ಮನ್ನು ಸಮುದ್ರದ ಕಡೆಗೆ ಕರೆದುಕೊಂಡು ಹೋಗುತ್ತೇನೆ. ರಾಮೇಶ್ವರಕ್ಕೆ ಹೋದವರೆಲ್ಲ ಪಾಂಬನ್ ಸೇತುವೆ ನೋಡಿರುತ್ತೀರಿ. 1914ರಲ್ಲಿ ಶುರುವಾದ ಹಳೆಯ ಸೇತುವೆಯ ನಡುವಿನ ಭಾಗ ಎರಡು ರೆಕ್ಕೆಗಳಂತೆ ಮೇಲೆದ್ದು ಹಡಗು ದೋಣಿಗಳಿಗೆ ದಾರಿ ಬಿಡುತ್ತಿತ್ತು. ಕೂಲಿಯವರು ಕೈಯಿಂದಲೇ ಸನ್ನೆ ತಿರುಗಿಸಿ ಅದನ್ನು ಎಬ್ಬಿಸುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯ ಗಾಡಿಯನ್ನು ಜನರ ಸಮೇತ ನುಂಗಿ, ಸೇತುವೆಯನ್ನೂ ಮುರಿದಾಗ, ಅದನ್ನು 46 ದಿನಗಳಲ್ಲಿ ನಿಲ್ಲಿಸಿದವರು ಮುಂದೆ ಕೊಂಕಣ ರೈಲ್ವೆ ಕಟ್ಟಿದ ಇ. ಶ್ರೀಧರನ್. ಸೇತುವೆ ಹಳತಾಗಿ 2022ರ ಡಿಸೆಂಬರಿನಲ್ಲಿ ಗಾಡಿ ನಿಂತಿತು. 2025ರ ಏಪ್ರಿಲ್ 6ರಂದು ಪಕ್ಕದಲ್ಲಿ ಹೊಸದು ತೆರೆಯಿತು, ಅದರ 72.5 ಮೀಟರಿನ ತೊಲೆ ಲಿಫ್ಟಿನ ಹಾಗೆ ನೇರ ಮೇಲಕ್ಕೇರುತ್ತದೆ.

ಅಲ್ಲಿ ನೋಡಬೇಕಾದದ್ದು ಕಬ್ಬಿಣವನ್ನಲ್ಲ, ಕ್ರಮವನ್ನು. ದೋಣಿಯವರಿಗೆ ಸೇತುವೆ ತೆರೆಯುವ ಹೊತ್ತನ್ನು ಮೊದಲೇ ಹೇಳುತ್ತಾರೆ. ಅವರು ಎರಡೂ ಬದಿಯಲ್ಲಿ ಲಂಗರು ಹಾಕಿ ಕಾಯುತ್ತಾರೆ. ತೆರೆದಾಗ ಸಾಲಾಗಿ ದಾಟುತ್ತಾರೆ. ಗಾಡಿಯ ಹೊತ್ತು ಬಂದಾಗ ಸೇತುವೆ ಮುಚ್ಚುತ್ತದೆ. ಸಮುದ್ರದ ಗಾಳಿ ಗಂಟೆಗೆ 58 ಕಿಲೋಮೀಟರ್ ಮೀರಿದರೆ ಗಾಡಿ ತಾನೇ ನಿಲ್ಲಬೇಕು. ಯಾರ ಸರದಿ ಯಾವಾಗ ಎಂಬುದು ಇಬ್ಬರಿಗೂ ಗೊತ್ತು. ಕಾಯುವುದು ಅವಮಾನವಲ್ಲ, ಏಕೆ, ಎಷ್ಟು ಹೊತ್ತು ಎಂದು ತಿಳಿಯದೆ ಕಾಯುವುದು ಅವಮಾನ.

ಅಮೆರಿಕದ ಒಂದು ಸಂಗತಿಯನ್ನೂ ಹೇಳಬೇಕು. ನ್ಯೂಯಾರ್ಕಿನ ಪಕ್ಕ ಹ್ಯಾಕೆನ್‌ಸ್ಯಾಕ್ ನದಿಯ ಮೇಲೆ 1910ರ ಪೋರ್ಟಲ್ ಸೇತುವೆ ಇದೆ. ದಿನಕ್ಕೆ ಸುಮಾರು 450 ಪ್ರಯಾಣಿಕರ ಗಾಡಿಗಳನ್ನು ಹೊತ್ತ ಸೇತುವೆ ಅದು. ನೀರಿನಿಂದ ಬರೇ 23 ಅಡಿ ಎತ್ತರ. ದೋಣಿ ಬಂದರೆ ತಿರುಗಿ ದಾರಿ ಬಿಡಬೇಕು. ತಿರುಗಿದ್ದು ಮತ್ತೆ ಸರಿಯಾಗಿ ಕೂರದೆ, ಸುತ್ತಿಗೆಯಿಂದ ಬಡಿದು ಕೂರಿಸಿದ್ದೂ ಉಂಟು. ಆದರೆ ಬೆಳಗ್ಗೆ ಸಂಜೆ ಜನ ಕೆಲಸಕ್ಕೆ ಹೋಗಿ ಬರುವ ಹೊತ್ತಿನಲ್ಲಿ ದೋಣಿಗಾಗಿ ಅದನ್ನು ತೆರೆಯಬೇಕಾಗಿಲ್ಲ ಎಂದು ಅಲ್ಲಿ ಕಟ್ಟುಪಾಡು ಮಾಡಿದರು. ದೋಣಿಯೇ ಬೇರೆ ಹೊತ್ತು ನೋಡಿಕೊಳ್ಳಬೇಕು. ಜೊತೆಗೆ, ತೆರೆಯುವ ಗೊಡವೆಯೇ ಇಲ್ಲದಂತೆ 50 ಅಡಿ ಎತ್ತರದ ಹೊಸ ಸೇತುವೆಯ ಕೆಲಸವನ್ನು 2022ರಲ್ಲಿ ಹಿಡಿದರು.

ಆ ದೇಶದಲ್ಲೇ ಗೂಡ್ಸ್ ಕಂಪೆನಿಗಳಿಗೆ ಸೇರಿದ ಹಳಿಗಳ ಮೇಲೂ ಪ್ರಯಾಣಿಕರ ಗಾಡಿಗೆ ಮೊದಲ ದಾರಿ ಎಂದು 1973ರಿಂದ ಕಾನೂನಿದೆ. ಕಾನೂನು ಇದ್ದ ಮಾತ್ರಕ್ಕೆ ಎಲ್ಲ ನೆಟ್ಟಗಾಯಿತೆಂದಲ್ಲ. ನ್ಯೂಯಾರ್ಕಿನಿಂದ ನ್ಯೂ ಆರ್ಲಿಯನ್ಸ್‌ಗೆ ಹೋಗುವ ಗಾಡಿಯನ್ನು ಗೂಡ್ಸಿಗಾಗಿ ತಡೆಯುತ್ತಾರೆಂದು 2024ರ ಜುಲೈಯಲ್ಲಿ ಅಲ್ಲಿನ ಸರಕಾರ ನಾರ್ಫೋಕ್ ಸದರ್ನ್ ಎಂಬ ಕಂಪೆನಿಯ ಮೇಲೆ ದಾವೆ ಹೂಡಬೇಕಾಯಿತು. ಅದಕ್ಕೂ ಹಿಂದೆ ಅಂಥ ದಾವೆ ಹೂಡಿದ್ದು 1979ರಲ್ಲಿ, ಒಂದೇ ಒಂದು. ಎಲ್ಲ ಕಡೆಯೂ ಬರೆದಿಟ್ಟ ಮರ್ಯಾದೆಗೂ ನಡೆಯುವ ಮರ್ಯಾದೆಗೂ ಅಂತರವಿದೆ. ಕೇಳುವವರು ಇದ್ದರೆ ಮಾತ್ರ ಅಂತರ ಕಡಿಮೆಯಾಗುತ್ತದೆ.

ಹಾಗಾಗಿ ನಾನು ಗೂಡ್ಸ್ ನಿಲ್ಲಿಸಿ ಎನ್ನುವುದಿಲ್ಲ. ಅದನ್ನು ನಿಲ್ಲಿಸಿದರೆ ಅದೇ ಸರಕು ಲಾರಿಗಳಲ್ಲಿ ಶಿರಾಡಿ ಹತ್ತುತ್ತದೆ. ಹೊಗೆಯೂ ನಮಗೇ, ಅಪಘಾತವೂ ನಮಗೇ. ರೇಷನ್ ಅಂಗಡಿಯ ಅಕ್ಕಿ ಬರುವುದೂ ಗೂಡ್ಸಿನಲ್ಲೇ. ನಾನು ಕೇಳುವುದು ಇಷ್ಟೇ. ಒಂಟಿ ಹಳಿಯ ದಾರಿಗಳಲ್ಲಿ ಬೆಳಗ್ಗೆ 7ರಿಂದ 10, ಸಂಜೆ 4ರಿಂದ 7, ಈ ಆರು ಗಂಟೆ ಪ್ಯಾಸೆಂಜರ್ ಗಾಡಿಯನ್ನು ಗೂಡ್ಸಿಗಾಗಿ ಕಾಯಿಸಬೇಡಿ. ಉಳಿದ ಹದಿನೆಂಟು ಗಂಟೆ ಅದಿರಿಗೂ ಇರಲಿ, ಕಲ್ಲಿದ್ದಲಿಗೂ ಇರಲಿ. ಗಾಡಿ ನಿಂತರೆ ಏಕೆ ನಿಂತಿತು, ಎಷ್ಟು ಹೊತ್ತು ಎಂದು ಕನ್ನಡದಲ್ಲಿ ಕೂಗಿ ಹೇಳಿ. ಕ್ರಾಸಿಂಗ್ ಮಾಡುವ ಪ್ರತಿ ಸ್ಟೇಷನ್ನಿನಲ್ಲಿ ನೀರು, ದೀಪ, ಒಳಗಿನಿಂದ ಚಿಲಕ ಹಾಕಲಾಗುವ ಶೌಚಾಲಯ ಇರಲಿ. ಇದಕ್ಕೆ ಸುರಂಗ ಕೊರೆಯಬೇಕಾಗಿಲ್ಲ, ಕಾಡು ಕಡಿಯಬೇಕಾಗಿಲ್ಲ.

ಕೇಳದೆ ಯಾರೂ ಕೊಡುವುದಿಲ್ಲ. ರೈಲ್ವೆಯ ಪ್ರತಿ ವಿಭಾಗಕ್ಕೂ ಬಳಕೆದಾರರ ಸಲಹಾ ಸಮಿತಿ ಎಂದಿದೆ. ವರ್ತಕರ ಸಂಘದವರು ಅದರಲ್ಲಿ ಇರುತ್ತಾರೆ. ನಿಮ್ಮ ವಿಭಾಗದ ಸಮಿತಿಯಲ್ಲಿ ಎಷ್ಟು ಮಂದಿ ಹೆಂಗಸರಿದ್ದಾರೆ, ಅವರಲ್ಲಿ ಮಂತ್ಲಿ ಪಾಸಿನವರು ಎಷ್ಟು ಎಂದು ಒಂದು ಅರ್ಜಿ ಬರೆದು ಕೇಳಿ. ಮಹಿಳಾ ಸಮಾಜದ ಮುಂದಿನ ಸಭೆಯಲ್ಲಿ ರಂಗೋಲಿ ಸ್ಪರ್ಧೆ ಮುಗಿದ ಮೇಲೆ ಹತ್ತು ನಿಮಿಷ ಈ ಅರ್ಜಿಗೆ ಸಹಿ ಹಾಕಿಸಿ. ಗಾಡಿ ಕಾರಣ ಹೇಳದೆ ನಿಂತಾಗಲೆಲ್ಲ 139ಕ್ಕೆ ಫೋನ್ ಮಾಡಿ, ಗಾಡಿಯ ನಂಬರು, ಸ್ಟೇಷನ್ನು, ನಿಂತ ಹೊತ್ತು ಮೂರನ್ನೂ ಹೇಳಿ, ದೂರಿನ ನಂಬರನ್ನು ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಬರೆದಿಡಿ. ನಮ್ಮಿಂದ ಶೇಕಡಾ 43 ನಷ್ಟ ಎಂದು ಅವರು ಲೆಕ್ಕ ಇಟ್ಟಿದ್ದಾರೆ. ಅವರಿಂದ ನಮಗೆ ಆದ ಗಂಟೆಗಳ ನಷ್ಟವನ್ನು ನಾವೂ ಬರೆದಿಟ್ಟು, ವರ್ಷಕ್ಕೊಮ್ಮೆ ಒಟ್ಟು ಹಾಕಿ ಆ ಸಮಿತಿಯ ಮೇಜಿನ ಮೇಲೆ ಇಡೋಣ.